ಹದಿನಾರು ಬಿಳಿ ಹೂಗಳು

೨೦೦೪ರಲ್ಲಿ ನಾನು ಮೈಸೂರಿನ ಒಂದು ಗ್ರಂಥಾಲಯದ ಕಾಗದ ಸಂರಕ್ಷಣಾ ವಿಭಾಗದಲ್ಲಿದ್ದೆ. ಹುದ್ದೆಯ ಹೆಸರು ಕನ್ಸರ್ವೇಟರ್. ಬಂಡೀಪುರದ ಸೀಮೆಯಲ್ಲಿ ಹಾಗೆ ಹೇಳಿಕೊಂಡರೆ ಜನ ಕಾಡಿನ ದೊಡ್ಡ ಅಧಿಕಾರಿ ಎಂದುಕೊಂಡು ಕುರ್ಚಿ ಒರೆಸಿ ಕೂರಿಸುತ್ತಿದ್ದರು. ಹಳೆಯ ಕಾಗದಕ್ಕೆ ತೇಪೆ ಹಾಕುವವಳು ಎಂದು ತಿಳಿದ ಮೇಲೆ ಕಾಫಿಯ ಲೋಟ ಸ್ವಲ್ಪ ಚಿಕ್ಕದಾಗುತ್ತಿತ್ತು. ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷ ಸರ್ವೀಸಾಗಿದ್ದು, ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ವರ್ಷದ ಫೆಬ್ರವರಿಯಲ್ಲಿ ನನ್ನನ್ನು ಗುಂಡ್ಲುಪೇಟೆಗೆ ಕಳಿಸಿದರು. ಅಲ್ಲಿ ಪುಟ್ಟಮಾದಪ್ಪ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟರು ಮೂವತ್ತು ವರ್ಷ ಸುತ್ತಮುತ್ತಲ ಗಿಡಗಳ ಚಿತ್ರ ಬರೆದಿಟ್ಟಿದ್ದರು. ಬೆಂಗಳೂರಿನ ಒಂದು ಸಂಸ್ಥೆ ಸಸ್ಯಚಿತ್ರಗಳ ಸಂಗ್ರಹ ಮಾಡುತ್ತಿತ್ತು. ಅವರಿಗೆ ಸುದ್ದಿ ಮುಟ್ಟಿ, ಚಿತ್ರಗಳನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಆದರೆ ಒಂದು ಷರತ್ತು. ಕಾಗದದಲ್ಲಿ ಆಮ್ಲ ಸೇರಿದ್ದರೆ ಅದನ್ನು ಮೊದಲು ತೆಗೆಯಬೇಕು. ಅಗ್ಗದ ಕಾಗದ ವರ್ಷ ಕಳೆದಂತೆ ತನ್ನೊಳಗೇ ಹುಳಿಯಾಗುತ್ತದೆ, ಹಪ್ಪಳದ ಹಾಗೆ ಮುರಿಯತೊಡಗುತ್ತದೆ. ಆ ಹುಳಿ ಪಕ್ಕದ ಹಾಳೆಗೂ ಹತ್ತುವುದರಿಂದ ಯಾವ ಸಂಗ್ರಹದವರೂ ಅಂಥದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮೇಷ್ಟರಿಗೆ ಆಗ ಎಪ್ಪತ್ತರ ಹತ್ತಿರ. ಗ್ಲಾಕೋಮಾ ಬಂದು ಕಣ್ಣಿನ ನರ ಒಣಗಿಹೋಗಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಹೆಂಡತಿ ದೇವಮ್ಮ ಚಾಮರಾಜನಗರದ ಅರಿಶಿನದ ಮಂಡಿಯವರ ಮನೆ ಮಗಳು. ಆಕೆಯೇ ಟ್ರಂಕು ತೆಗೆದು ಬಟ್ಟೆಯ ಗಂಟು ಬಿಚ್ಚಿದರು. ಒಟ್ಟು ಇನ್ನೂರ ಹದಿನಾಲ್ಕು ಹಾಳೆ. ಪ್ರತಿ ಎರಡು ಹಾಳೆಯ ನಡುವೆ ಒಂದು ಹಳೆಯ ನ್ಯೂಸ್‌ಪೇಪರು. ಒಂದೇ ಒಂದು ಹುಳು ಹೊಡೆದ ತೂತಿರಲಿಲ್ಲ.

ಹೇಗೆ ಕಾಪಾಡಿದಿರಿ ಎಂದು ಕೇಳಿದ್ದಕ್ಕೆ ದೇವಮ್ಮ ಹೆಮ್ಮೆಯಿಂದಲೇ ಹೇಳಿದರು: "ವರ್ಸಕ್ಕೊಂದು ಸಲ ಎಲ್ಲಾ ಚಿತ್ರದ ಮ್ಯಾಲೂ ಚೂರುಚೂರು ಅರಿಸಿನ ಉದುರಿಸಿ ಮಡಗ್ತಿನಿ ಕಣವ್ವ. ಆಮೇಕೆ ಕೊಡವಿ ಬುಡ್ತಿನಿ. ನಮ್ಮಪ್ಪನ ಮನೇಲಿ ಲೆಕ್ಕದ ಪುಸ್ತಕಕ್ಕೂ ಇಂಗೇ ಮಾಡೋರು."

ನಾನು ಮೆಚ್ಚಿ ತಲೆಯಾಡಿಸಿದೆ. ವರದಿಯಲ್ಲಿ ಬರೆದುಕೊಂಡೂ ಬಿಟ್ಟೆ: ಕೀಟ ತಡೆಗೆ ಅರಿಶಿನ, ಸಾಂಪ್ರದಾಯಿಕ ವಿಧಾನ, ಪರಿಣಾಮಕಾರಿ. ಆ ವಾಕ್ಯ ಈಗಲೂ ಎಲ್ಲೋ ಫೈಲಿನಲ್ಲಿ ಕೂತಿರಬೇಕು, ನನ್ನದೇ ಅಕ್ಷರದಲ್ಲಿ.

ಸಸ್ಯಚಿತ್ರವನ್ನು ನೋಡುವುದು ಹೇಗೆ ಎಂದು ನನಗೆ ಕಲಿಸಿದವರು ಮೇಷ್ಟರೇ. ಅದುವರೆಗೆ ನನಗೆ ಚಿತ್ರವೆಂದರೆ ಕಾಗದ, ಬಣ್ಣ, ಅಂಟು, ಅಷ್ಟೇ. ಅವರು ನನ್ನ ಕೈಯಲ್ಲಿ ಭೂತಗನ್ನಡಿ ಕೊಟ್ಟು, ನಾನು ಯಾವ ಹಾಳೆ ಹಿಡಿದಿದ್ದೇನೆಂದು ಕೇಳಿಕೊಂಡು, ಇಂಥ ಕಡೆ ನೋಡಿ ಎನ್ನುತ್ತಿದ್ದರು. ಎಲೆ ಕಾಂಡಕ್ಕೆ ಎದುರುಬದುರು ಕೂತಿದೆಯೋ ಒಂದು ಬಿಟ್ಟು ಒಂದೋ. ಎಲೆಯ ನರ ಅಂಚಿನವರೆಗೆ ಹೋಗುತ್ತದೋ ಮೊದಲೇ ಬಾಗುತ್ತದೋ. ಹೂವನ್ನು ಉದ್ದಕ್ಕೆ ಸೀಳಿದ ಚಿತ್ರ ಮೂಲೆಯಲ್ಲಿದೆಯೋ ಇಲ್ಲವೋ. ಚೆಂದಕ್ಕೆ ಒಂದು ಎಲೆ ಹೆಚ್ಚು ಬರೆದವನು ಸುಳ್ಳುಗಾರ ಎನ್ನುವುದು ಅವರ ಖಚಿತ ಮಾತು. ಗಿಡವನ್ನು ಒಣಗಿಸಿ ಇಟ್ಟರೆ ಆಕಾರ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಹಾಗಾಗಿ ಬಣ್ಣವನ್ನು ಉಳಿಸುವ ಹೊಣೆ ಚಿತ್ರದ್ದು. ಶಾಲೆ ಮುಗಿಸಿ ಸೈಕಲ್ಲಿನಲ್ಲಿ ಹೋಗಿ, ಗಿಡದ ಎದುರೇ ಕೂತು, ಬಿಸಿಲು ಇರುವಾಗಲೇ ಬಣ್ಣ ಕಲಸಿ ಮುಗಿಸುತ್ತಿದ್ದರಂತೆ.

ಅವರಿಗೆ ಹೆಚ್ಚು ಅಭಿಮಾನವಿದ್ದದ್ದು ಬಿಳಿ ಹೂಗಳ ಮೇಲೆ. ಅವು ಹದಿನಾರು ಹಾಳೆ. ಕುದೇರಿನ ಕೆರೆ ಏರಿಯ ತುಂಬೆ, ಬಿಳಿ ಎಕ್ಕ, ಕಾಡುಮಲ್ಲಿಗೆ, ಬಿಕ್ಕೆ ಹೀಗೆ. ಜಲವರ್ಣದಲ್ಲಿ ಬಿಳಿ ಹೂವಿಗೆ ಬಿಳಿ ಬಣ್ಣ ಹಚ್ಚುವುದಿಲ್ಲ. ಸುತ್ತ ತೆಳುವಾಗಿ ನೆರಳು ಕೊಟ್ಟು ಕಾಗದವನ್ನು ಹಾಗೇ ಬಿಡುತ್ತಾರೆ, ಹೂವಿನ ಬಿಳುಪೆಂದರೆ ಕಾಗದದ ಬಿಳುಪೇ. ಕೈ ಸ್ವಲ್ಪ ಮುಂದೆ ಹೋದರೆ ಹೂ ಸತ್ತಿತು ಎನ್ನುತ್ತಿದ್ದರು. ಮಗ್ಗಾರೆ ಹೂ ಅರಳಿದ ದಿನ ಬಿಳಿ, ಆಮೇಲೆ ಹಳದಿ. ಒಂದೇ ಕೊಂಬೆಯಲ್ಲಿ ಎರಡೂ ಇದ್ದ ಹಾಳೆಯನ್ನು ನಾನು ಅರ್ಧ ಗಂಟೆ ನೋಡಿದ್ದೇನೆ.

"ನನ್ಗಂತೂ ಇನ್ನು ಬರಿಯಕ್ಕಾಗಲ್ಲ ಮೇಡಂ. ಗೊತ್ತಿರೋರ ಕಣ್ಣಿಗೆ ಅವು ಬಿದ್ರೆ ಸಾಕು. ಮೊದ್ಲು ಬಿಳಿಯವ್ನ ನೋಡ್ಕೊಳಿ," ಎಂದು ಒಪ್ಪಿಸಿದರು.

ಚಾಮರಾಜನಗರದ ಒಂದು ಕಾಲೇಜಿನವರು ನಮಗೆ ಪ್ರಯೋಗಶಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದರು. ನೀರು, ಉದ್ದನೆಯ ಮೇಜು, ಫ್ಯಾನು ಎಲ್ಲ ಇತ್ತು. ಹಾಳೆಗಳನ್ನು ಅಲ್ಲಿಗೆ ಸಾಗಿಸಿ ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದೆ. ಪಿಎಚ್ ಅಳೆದೆ. ಏಳು ಇದ್ದರೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ. ಇಲ್ಲಿ ನಾಲ್ಕೂವರೆ ಬಂತು. ಚಿಕಿತ್ಸೆ ಬೇಕೇ ಬೇಕು. ಕಾಗದ ಸ್ವಲ್ಪ ಕೆನೆಬಣ್ಣಕ್ಕೆ ತಿರುಗಿತ್ತು, ವಯಸ್ಸಿನದೆಂದುಕೊಂಡೆ.

ಆಮ್ಲ ತೆಗೆಯಲು ನಮ್ಮ ವಿಭಾಗದಲ್ಲಿ ಬಳಸುತ್ತಿದ್ದದ್ದು ಸುಣ್ಣದ ತಿಳಿ. ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು. ಜಲವರ್ಣವನ್ನು ಅದರಲ್ಲಿ ಅದ್ದುವಂತಿಲ್ಲ. ಹಾಳೆಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಬೆನ್ನಿಗೆ ಅಗಲವಾದ ಬ್ರಷ್ಷಿನಿಂದ ತೆಳ್ಳಗೆ ಹಚ್ಚಬೇಕು. ಅದಕ್ಕೂ ಮೊದಲು ಒಂದು ಮೂಲೆಯಲ್ಲಿ ಒಂದು ತೊಟ್ಟು ಹಾಕಿ ಪರೀಕ್ಷೆ ಮಾಡಬೇಕು. ಮಾಡಿದೆ. ತುಂಬೆಯ ಹಾಳೆಯ ಬಲ ಮೂಲೆಯಲ್ಲಿ. ಏನೂ ಆಗಲಿಲ್ಲ. ಬಿಳಿ ಹೂಗಳಲ್ಲಿ ಹರಡುವುದಕ್ಕೆ ಬಣ್ಣವೇ ಕಡಿಮೆ, ಆದ್ದರಿಂದ ಇವೇ ಎಲ್ಲಕ್ಕಿಂತ ಸುರಕ್ಷಿತ ಎಂದು ನನ್ನ ಲೆಕ್ಕಾಚಾರ.

ದೇವಮ್ಮ ಅರಿಶಿನ ಉದುರಿಸುತ್ತಿದ್ದದ್ದು ಹಾಳೆಯ ನಟ್ಟನಡುವೆ, ಹೂವಿನ ಮೇಲೆ. ಹೂವಿಗೇ ಹುಳು ಬರುವುದೆಂದು ಅವರ ನಂಬಿಕೆ. ಕೊಡವಿದ ಮೇಲೂ ಅದರ ಪುಡಿ ಕಾಗದದ ಎಳೆಗಳಲ್ಲಿ ಉಳಿದಿತ್ತು, ಮೂಲೆಗೆ ಮಾತ್ರ ತಾಗಿರಲಿಲ್ಲ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಶುರು ಮಾಡಿದೆ. ಸುಣ್ಣದ ತಿಳಿ ಗಾಳಿಗೆ ಬಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೇ ಒಂದರ ಹಿಂದೆ ಒಂದು, ತಡೆಯಿಲ್ಲದೆ. ಹದಿನಾರು ಬೆನ್ನುಗಳಿಗೂ ಹಚ್ಚಿ ಮುಗಿಸಿ, ಕೈ ತೊಳೆದು, ಮೊದಲನೆಯದನ್ನು ಮಗುಚಿದೆ.

ತುಂಬೆ ಕೆಂಪಾಗಿತ್ತು. ಬರೀ ಹೂವಲ್ಲ, ಹಾಳೆಯ ನಡುಭಾಗವೆಲ್ಲ ಕಂದುಗೆಂಪು, ಅಂಚಿನ ಕಡೆಗೆ ಚುಕ್ಕೆ ಚುಕ್ಕೆ. ಎರಡನೆಯದನ್ನು ಮಗುಚಿದೆ, ಮೂರನೆಯದನ್ನು ಮಗುಚಿದೆ. ಆರನೆಯದಕ್ಕೆ ಬಂದಾಗ ಸ್ಟೂಲು ಎಳೆದುಕೊಂಡು ಕೂತೆ. ಅರಿಶಿನಕ್ಕೆ ಸುಣ್ಣ. ಆ ಬಣ್ಣವನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿದ್ದೇನೆ. ಮದುವೆಗೆ, ಬಾಣಂತಿ ಮನೆಗೆ ಬರುವಾಗ, ಮಗು ಸ್ಕೂಲಿಗೆ ಹೊರಟಾಗ, ತಟ್ಟೆಯಲ್ಲಿ ನೀರು ಹಾಕಿ, ಅರಿಶಿನ ಕದಡಿ, ಚಿಟಿಕೆ ಸುಣ್ಣ ಹಾಕಿ ಆರತಿ ಮಾಡಿದವಳು ನಾನೇ. ಲ್ಯಾಬಿನ ಕೋಟು ತೊಟ್ಟ ಕೂಡಲೇ ಆ ಹೆಂಗಸನ್ನು ಹೊರಗೆ ಬಿಟ್ಟು ಬಂದಿದ್ದೆ.

ಸರಿಪಡಿಸುವ ದಾರಿ ಇರಲಿಲ್ಲವೆಂದಲ್ಲ. ಇದ್ದ ಯಾವ ದಾರಿಯಲ್ಲೂ ಹೋಗುವ ಹಾಗಿರಲಿಲ್ಲ. ನಿಂಬೆಹುಳಿಯಂಥ ಯಾವ ಆಮ್ಲ ತಾಗಿಸಿದರೂ ಕೆಂಪು ಮತ್ತೆ ಹಳದಿಗೆ ಬರುತ್ತದೆ, ಆದರೆ ಆಮ್ಲವನ್ನು ತೆಗೆಯುವುದಕ್ಕೇ ನಾನು ಬಂದದ್ದು. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆಂದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತು, ಆದರೆ ಅದೇ ಬಿಸಿಲಿಗೆ ಎಲೆಯ ಹಸಿರೂ ಹಾರಿಹೋಗುತ್ತದೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಬಿಕ್ಕೆಯ ಹಾಳೆಯ ಒಂದು ಕಡೆ ಒತ್ತಿ ನೋಡಿದೆ. ಕೆಂಪು ಕರಗಿ ಜರುಗಿ, ಸುತ್ತಲೂ ಬಳೆಯಂತೆ ಒಂದು ಗೆರೆ ಕಟ್ಟಿತು. ಮೈಸೂರಿಗೆ ಫೋನ್ ಮಾಡಿದೆ. ನನ್ನ ಮೇಲಧಿಕಾರಿ, ಇನ್ನು ಮುಟ್ಟಬೇಡಿ ಎಂದರು. ಒಪ್ಪಬೇಕಾದ ಮಾತು. ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಅವು ಒಣಗುವುದನ್ನು ನೋಡುತ್ತ ಕೂತೆ. ಒಣಗಿದಂತೆ ಬಣ್ಣ ಮಂಕಾಯಿತೇ ಹೊರತು ಹೋಗಲಿಲ್ಲ. ಕೂತಲ್ಲೇ ಅತ್ತುಬಿಟ್ಟೆ.

ಮಾರನೆಯ ದಿನ ಗುಂಡ್ಲುಪೇಟೆಗೆ ಬಸ್ಸು ಹತ್ತಿದೆ. ಮೇಷ್ಟರಿಗೆ ಕಾಣುವುದಿಲ್ಲ, ಹೇಳದಿದ್ದರೆ ತಿಳಿಯುವುದಿಲ್ಲ. ಈ ಯೋಚನೆ ದಾರಿಯಲ್ಲಿ ಒಂದಲ್ಲ, ಹತ್ತು ಸಲ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಮನೆಯ ಜಗಲಿಯಲ್ಲಿ ಕೂತು, ನೀರು ಕುಡಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ಕುಡಿದ ಮೇಲೆ ಧೈರ್ಯ ಇರುತ್ತಿರಲಿಲ್ಲ.

ಮೇಷ್ಟರು ಬೆಳಕು ಬರುವ ಕಡೆಗೆ ಮುಖ ತಿರುಗಿಸಿದರು. ದೇವಮ್ಮ ನನ್ನ ಮುಖವನ್ನೇ ನೋಡಿ ಕೇಳಿದರು: "ಅರಿಸಿನಕ್ಕ ಸುಣ್ಣ ಬಿದ್ರ ಕೆಂಪಾಯ್ತದ ಅಂತ ನಿಂಗ ಗೊತ್ತಿರ್ನಿಲ್ವ ಕಣವ್ವ? ನಿಮ್ಮನೇಲಿ ಆರತಿ ಎತ್ತಾಕಿಲ್ವ?"

ಕೋಪದಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ತಿಳಿಯದೆ ಕೇಳಿದ್ದರು. ಓದಿದವರು ಹೀಗೂ ಮರೆಯಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಆಮೇಲೆ ತಪ್ಪನ್ನು ತಮ್ಮ ತಲೆಗೇ ಎಳೆದುಕೊಂಡರು. ನಾನು ಉದುರಿಸದೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಮ್ಮ ಅರಿಶಿನ ಇಲ್ಲದಿದ್ದರೆ ಒಂದು ಹಾಳೆಯೂ ಉಳಿಯುತ್ತಿರಲಿಲ್ಲ, ನೀವು ನನಗೆ ಮೊದಲ ದಿನವೇ ಹೇಳಿದ್ದಿರಿ, ಕೇಳಿಸಿಕೊಂಡೂ ಕೆಡಿಸಿದವಳು ನಾನು ಎಂದೆ. ಎಷ್ಟು ಸಲ ಹೇಳಿದರೂ ಆಕೆ ಒಪ್ಪಲಿಲ್ಲ. ಅದು ನನಗೆ ಕೆಂಪಾದ ಹಾಳೆಗಳಷ್ಟೇ ಸಂಕಟ ಕೊಟ್ಟಿತು.

ಶುಕ್ರವಾರ ಬೆಂಗಳೂರಿನ ಸಂಸ್ಥೆಯ ಅಧಿಕಾರಿ ಬಂದರು. ದೇವಮ್ಮ ಗಂಡನ ಕೈ ಹಿಡಿದು ಚಾಮರಾಜನಗರದ ಕೋಣೆಗೆ ಕರೆತಂದಿದ್ದರು. ಅಧಿಕಾರಿ ಸಸ್ಯಶಾಸ್ತ್ರ ಓದಿದವರು, ಸಮಾಧಾನದ ಮನುಷ್ಯ. ಉಳಿದ ನೂರ ತೊಂಬತ್ತೆಂಟು ಹಾಳೆಗಳನ್ನು ನೋಡುತ್ತ ಎರಡು ಗಂಟೆ ಕುರ್ಚಿಯಿಂದ ಏಳಲಿಲ್ಲ. ಅವನ್ನೆಲ್ಲ ತೆಗೆದುಕೊಳ್ಳುತ್ತೇವೆ, ಚಿಕಿತ್ಸೆ ಬೆಂಗಳೂರಿನಲ್ಲೇ ಆಗಲಿ ಎಂದರು. ನನ್ನ ಕಡೆ ನೋಡದೆ ಹೇಳಿದರು, ಅದು ಅವರ ದೊಡ್ಡತನ. ಹದಿನಾರನ್ನು ಮಾತ್ರ ಬೇರೆ ಇಟ್ಟು ಬಹಳ ಹೊತ್ತು ಯೋಚಿಸಿದರು. ಗೆರೆಗಳು ಅಷ್ಟು ಚೆನ್ನಾಗಿದ್ದವು, ಬಿಟ್ಟುಹೋಗಲು ಅವರಿಗೂ ಮನಸ್ಸಿಲ್ಲ. ಹಾಗೇ ಸೇರಿಸಿದರೆ ಮುಂದೆ ನೋಡಿದವರು ಹೂವಿನ ಬಣ್ಣವನ್ನೇ ತಪ್ಪಾಗಿ ತಿಳಿಯುತ್ತಾರೆ. ಪ್ರತಿ ಹಾಳೆಯ ಹಿಂದೆ ಒಂದು ಟಿಪ್ಪಣಿ ಇದ್ದರೆ ಸೇರಿಸಬಹುದು ಎಂದರು.

ನನಗೆ ಸಹಾಯವಾಗಲೆಂದೇ ಇರಬೇಕು, ದನಿ ತಗ್ಗಿಸಿ, "ಕಾಲಕ್ರಮದಲ್ಲಿ ಬಣ್ಣ ಬದಲಾಗಿದೆ ಅಂತ ಬರೆದುಬಿಡಿ ಮೇಡಂ, ಸಾಕು," ಎಂದರು.

ಮೇಷ್ಟರಿಗೆ ಕಿವಿ ಚುರುಕು. "ಕಾಲ ಏನ್ ಮಾಡ್ತು ಪಾಪ?" ಎಂದರು. "ಆದದ್ದ ಬರೀರಿ. ಸುಳ್ಳು ಬರಿಯಕ್ಕ ನಾನು ಮೂವತ್ತು ವರ್ಸ ಬಿಸಿಲಲ್ಲಿ ಕೂತಿರ್ನಿಲ್ಲ."

ಪೆನ್ಸಿಲ್ ತೆಗೆದುಕೊಂಡೆ. ಹಾಳೆಯ ಹೆಸರು ಹೇಳುತ್ತ ಹೋದೆ, ಅವರು ನೆನಪಿನಿಂದಲೇ ಬಣ್ಣ ಹೇಳುತ್ತ ಹೋದರು. ತುಂಬೆ, ಅಚ್ಚ ಬಿಳಿ. ಎಕ್ಕ, ಬಿಳಿ, ದಳದ ಬುಡದಲ್ಲಿ ಚೂರು ಹಸಿರು. ಮಗ್ಗಾರೆಯ ಸರದಿ ಬಂದಾಗ ನಾಲ್ಕು ಹೂವಿನಲ್ಲಿ ಯಾವುದು ಬಿಳಿ ಯಾವುದು ಹಳದಿ ಎಂದು ನನಗೆ ಗುರುತು ಸಿಗಲಿಲ್ಲ. ಅರ್ಧ ಗಂಟೆ ನೋಡಿದ್ದ ಹಾಳೆ! ಅವರು ಕೈಯನ್ನು ಗಾಳಿಯಲ್ಲಿ ಕೊಂಬೆಯ ಹಾಗೆ ಬಾಗಿಸಿ, ಮೇಲಿನ ಎರಡು ಅವತ್ತಿನವು, ಕೆಳಗಿನವು ಹಿಂದಿನ ದಿನದವು ಎಂದರು. ಪ್ರತಿಯೊಂದರ ಕೊನೆಗೂ ಒಂದೇ ವಾಕ್ಯ: ಅರಿಶಿನವಿದ್ದ ಹಾಳೆಗೆ ಸುಣ್ಣದ ತಿಳಿ ಹಚ್ಚಿದ್ದರಿಂದ ಕೆಂಪಾಗಿದೆ, ಗೆರೆ ನಂಬಬಹುದು, ಬಣ್ಣ ನಂಬಬಾರದು.

ಮೊದಲನೆಯದನ್ನು ಬರೆದು ಓದಿ ಹೇಳಿದಾಗ ಅವರು ತಲೆಯಾಡಿಸಿ, "ಇದ್ನ ಹೇಳ್ತಿರೋರು ಯಾರು ಅಂತ ಓದ್ದೋರ್ಗೆ ತಿಳೀಬೇಕಲ್ಲ. ನಿಮ್ಮ ಹೆಸ್ರಾಕಿ," ಎಂದಿದ್ದರು. ದೇವಮ್ಮ ಬೇಡವೆಂದು ಅವರ ತೋಳು ಹಿಡಿದರು. ಮೇಷ್ಟರ ದನಿಯಲ್ಲಿ ಶಿಕ್ಷೆ ಕೊಡುವ ಭಾವವೇನೂ ಇರಲಿಲ್ಲ. ಚಿತ್ರದ ಕೆಳಗೆ ಬರೆದವನ ಹೆಸರಿರಬೇಕು ಎನ್ನುವಷ್ಟೇ ಸಹಜವಾಗಿ ಹೇಳಿದ್ದರು.

ಎರಡು ವರ್ಷದ ನಂತರ ಮೇಷ್ಟರು ತೀರಿಕೊಂಡರೆಂದು ತಿಳಿಯಿತು. ಆಮೇಲೂ ನಾನು ಒಂಬತ್ತು ವರ್ಷ ಕೆಲಸ ಮಾಡಿದೆ. ಯಾವ ಹಾಳೆ ಕೈಗೆ ಬಂದರೂ ಮನೆಯವರು ಅದಕ್ಕೆ ಏನು ಮಾಡುತ್ತಿದ್ದರು ಎಂದು ಕೇಳುತ್ತಿದ್ದೆ, ಕೇಳಿದ್ದನ್ನು ಮನೆಯ ಹೆಂಗಸಾಗಿ ಇನ್ನೊಮ್ಮೆ ಯೋಚಿಸುತ್ತಿದ್ದೆ. ಈ ವೃತ್ತಿ ಕಲಿಸಿದ ದೊಡ್ಡ ಪಾಠ ಅದೇ. ಕಲಿಕೆಗೆ ಕೊಟ್ಟ ಬೆಲೆ ಮಾತ್ರ ನನ್ನದಲ್ಲ. ನಮ್ಮ ಕೆಲಸದಲ್ಲಿ ಹೆಸರು ಹಾಕುವ ಪದ್ಧತಿಯಿಲ್ಲ. ರಿಪೇರಿ ಕಾಣದಿದ್ದರೆ ಅದೇ ಒಳ್ಳೆಯ ರಿಪೇರಿ. ಮೂವತ್ಮೂರು ವರ್ಷದಲ್ಲಿ ಸಾವಿರಾರು ಹಾಳೆಗಳನ್ನು ಉಳಿಸಿದ್ದೇನೆ, ಒಂದರ ಮೇಲೂ ನಾನಿಲ್ಲ. ಬೆಂಗಳೂರಿನ ಆ ಸಂಗ್ರಹದಲ್ಲಿ ಹದಿನಾರು ಹಾಳೆಗಳ ಹಿಂದೆ ಮಾತ್ರ ನನ್ನ ಪೂರ್ತಿ ಹೆಸರಿದೆ.