ಮೆಹರ್‌ಗೆ ಕೇಳಿದ ಕೀಬೋರ್ಡು

ಸುಮೈರಾಗೆ ಗಂಡು ನೋಡುತ್ತಿದ್ದೇವೆಂದು ಅವರಪ್ಪ ಖಾದರಸಾಬ್ ಬಂದು ಹೇಳಿದಾಗ ನನಗೆ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಸಂಕಟವೇ ಆಯಿತು. ಬಾಯಲ್ಲಿ ಮಾತ್ರ "ಒಳ್ಳೇದಾತು ಬಿಡ್ರಿ" ಅಂದೆ.

ನನ್ನ ಸಂಕಟಕ್ಕೆ ಕಾರಣವಿತ್ತು. ಬಳ್ಳಾರಿಯಲ್ಲಿ ಆಗ ಗಣಿಯ ಕಾಲ. ಲಾರಿ ಇದ್ದವನಿಗೂ ಅರ್ಜಿ ಬೇಕು, ಲಾರಿ ಕೊಳ್ಳುವವನಿಗೂ ಅರ್ಜಿ ಬೇಕು. ಕರಾರು, ಅಫಿಡವಿಟ್ಟು, ತಕರಾರು, ತಕರಾರಿಗೆ ಉತ್ತರ, ಹೀಗೆ ಊರಿಗೆ ಊರೇ ಏನಾದರೊಂದನ್ನು ಟೈಪು ಮಾಡಿಸುತ್ತಿತ್ತು. ಕೋರ್ಟಿನ ಹಿಂದಿನ ಸಂದಿಯಲ್ಲಿದ್ದ ನನ್ನ ಡಿಟಿಪಿ ಅಂಗಡಿಯ ಬೋರ್ಡಿನ ಮೇಲೆ ರಘೋತ್ತಮ ಎಂಬ ನನ್ನ ಹೆಸರೇನೋ ಇತ್ತು. ಆದರೆ ಅಂಗಡಿ ನಡೆಯುತ್ತಿದ್ದದ್ದು ಸುಮೈರಾಳ ಬೆರಳುಗಳ ಮೇಲೆ.

ಅವಳು ಹುಟ್ಟಿದ್ದು ಕುರುಗೋಡಿನಲ್ಲಿ. ಖಾದರಸಾಬ್ ಜೀನ್ಸ್ ಹೊಲಿಯುವ ಕೆಲಸ ಹಿಡಿದು ಸಂಸಾರವನ್ನು ಬಳ್ಳಾರಿಯ ಕೌಲ್ ಬಜಾರಿಗೆ ತಂದ. ಪಿಯುಸಿ ಮುಗಿಸಿದ ಹುಡುಗಿ ಒಂದು ದಿನ ಬಂದು ಕೆಲಸ ಕೇಳಿದಳು. "ಟೈಪಿಂಗ್ ಬರ್ತೈತೇನವ್ವ?" ಅಂದೆ. "ಬರಂಗಿಲ್ರಿ ಸರ. ಬರಂಗ ಮಾಡ್ಕೊಂತೀನಿ" ಅಂದಳು. ಮಳೆಗಾಲ ಮುಗಿಯುವುದರೊಳಗೆ ಅವಳ ಬೆರಳುಗಳಿಗೆ ಕಣ್ಣಿನ ಹಂಗು ತಪ್ಪಿಹೋಗಿತ್ತು. ಬಂದವರ ಮುಖ ನೋಡುತ್ತ, ತಲೆಯಾಡಿಸುತ್ತ ಕೂತರೆ ಕೆಳಗೆ ಬೆರಳು ತಮ್ಮ ಪಾಡಿಗೆ ಓಡುತ್ತಿದ್ದವು. ಹಾಗೆ ಮುಖ ನೋಡಿ ಕೇಳುವವರು ಸಿಕ್ಕರೆ ಜನ ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತಾರೆ. ವಕೀಲರು ಹೊರಡಿಸಲಾರದ ನಿಜ ನನ್ನ ಅಂಗಡಿಯಲ್ಲಿ ಹೊರಬರುತ್ತಿತ್ತು.

ಅವಳಿಗೆ ಇದ್ದ ಒಂದೇ ಸಿಟ್ಟು ನನ್ನ ಕೀಬೋರ್ಡುಗಳ ಮೇಲೆ. ನಾನು ಕೈ ಬಿಗಿ ಮನುಷ್ಯ, ಅಗ್ಗದ್ದನ್ನೇ ತರುತ್ತಿದ್ದೆ. ಗಣಿಯ ಕೆಂಪು ಧೂಳು ಊರನ್ನು ಬಿಟ್ಟಿರಲಿಲ್ಲ, ಕೀಬೋರ್ಡನ್ನು ಬಿಟ್ಟೀತೇ? ಸಂಜೆ ಬೋರಲು ಹಾಕಿ ಬಡಿದರೆ ಪೇಪರಿನ ಮೇಲೆ ಕೆಮ್ಮಣ್ಣು ಬೀಳುತ್ತಿತ್ತು. ಒಂದು ಕೀಲಿ ಒತ್ತಿದರೆ ಒಳಗೇ ಕೂತುಬಿಡುವುದು, ಇನ್ನೊಂದು ಒತ್ತಿದರೂ ಅಕ್ಷರ ಮೂಡದು. "ಸರ, ಇದರಾಗ ಒಂದು ಅದಿರಿನ ಲೋಡು ಐತಿ, ಪರ್ಮಿಟ್ ಮಾಡಿಸ್ರಿ" ಅನ್ನುತ್ತಿದ್ದಳು. ನಾನು ಕೇಳಿಸದವನಂತೆ ಪಂಚಾಂಗ ನೋಡುತ್ತಿದ್ದೆ.

ಮಧ್ಯಾಹ್ನ ಅವಳಿಗೆ ಬೇರೆಯೇ ಉದ್ಯೋಗ. ಒಗ್ಗಾಣಿ ಮಿರ್ಚಿ ತಿಂದು ಕೈ ತೊಳೆದವಳೇ ಮಹಡಿಯ ಸೈಬರ್ ಸೆಂಟರಿಗೆ ಏರಿ ಗುಂಡು ಹಾರಿಸುವ ಆಟ ಆಡುತ್ತಿದ್ದಳು. ಅಲ್ಲಿಗೆ ಬರುವ ಲಾರಿ ಮಾಲೀಕರಲ್ಲಿ ಸಿರಿಗೇರಿಯ ಎರ್ರಣ್ಣ ಮುಖ್ಯ. ಅದಿರು ಹೊಡೆದು ನಿನ್ನೆ ಮೊನ್ನೆ ಸಾಹುಕಾರನಾದವನು, ಮನಸ್ಸು ಮಾತ್ರ ಎಮ್ಮೆ ಕಾಯುವ ಹುಡುಗನದ್ದೇ. ದಿನಾ ಸುಮೈರಾಳ ಕೈಲಿ ಸೋಲುತ್ತಿದ್ದ. ಸೋತದ್ದಕ್ಕೆ ಕೀಬೋರ್ಡನ್ನು ದೂರಿ, ಅದಿರು ಕೊಳ್ಳಲು ಬರುವ ಯಾರನ್ನೋ ಹಿಡಿದು ಸಿಂಗಪುರದಿಂದ ದುಬಾರಿಯವು ಎರಡು ತರಿಸಿದ. ಬಂದ ದಿನವೂ ಸೋತ.

ಸೋತವನು ಸಿಟ್ಟಿನಲ್ಲಿ ಅವನ್ನು ನನ್ನ ಅಂಗಡಿಯಲ್ಲಿ ಬಿಟ್ಟುಹೋದದ್ದೇ ಈ ಕಥೆಯ ಬೀಜ. ಎತ್ತಿ ನೋಡಿದೆ, ರುಬ್ಬುವ ಗುಂಡಿನ ಭಾರ. ಒಂದೊಂದು ಕೀಲಿಯನ್ನೂ ಉಗುರಿನಿಂದ ಮೀಟಿ ತೆಗೆಯಬಹುದು, ಒರೆಸಬಹುದು, ಮತ್ತೆ ಕೂರಿಸಬಹುದು. ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗಿನ ಒಂದು ಪುಟ್ಟ ಗೂಟ. ಗೂಟದ ಬಣ್ಣ ನೋಡಿ ಕೀಲಿಯ ಸ್ವಭಾವ ಹೇಳಬೇಕಂತೆ. ಒಂದು ಕೀಬೋರ್ಡಿನ ಗೂಟ ನೀಲಿ, ಇನ್ನೊಂದರದು ಕಪ್ಪು.

ಸುಮೈರಾ ಇಡೀ ದಿನ ಸೀರೆ ಅಂಗಡಿಯಲ್ಲಿ ಕೂತ ಹೆಂಗಸಿನಂತೆ ಒಂದನ್ನು ಇಟ್ಟು ಇನ್ನೊಂದನ್ನು ಎಳೆದಳು. ನೀಲಿಯದರಲ್ಲಿ ಅಕ್ಷರ ಬಿದ್ದದ್ದು ಬೆರಳಿಗೆ ತಿಳಿಯುತ್ತಿತ್ತು. ಆದರೆ ಸದ್ದು ಎಷ್ಟೆಂದರೆ ಪಕ್ಕದ ನೋಟರಿ ಎದ್ದು ಬಂದು ಇಣುಕಿದರು. ಕಪ್ಪಿನದು ಆಟಕ್ಕೆ ಚಂದ, ಎಡವದೆ ಓಡುತ್ತಿತ್ತು. ಆದರೆ ನಾಲ್ಕು ಪುಟದ ಕರಾರು ಮುಗಿಸುವಷ್ಟರಲ್ಲಿ ಕಿರುಬೆರಳು ಸೋಲುತ್ತಿತ್ತು. "ಇವೆರಡರ ನಡುವಿನದು ಒಂದು ಇರಬೇಕಲ್ರಿ ಎರ್ರಣ್ಣ?" ಅಂದಳು. ಎರ್ರಣ್ಣ ವಿಚಾರಿಸಿ ಬಂದು, "ಕಂದು ಗೂಟದ್ದು ಐತಂತವ್ವ. ಸದ್ದು ಕಮ್ಮಿ, ಬೆರಳಿಗೆ ಸಣ್ಣಗೆ ತಡೀತೈತಂತ" ಅಂದ. ಅಂದಿನಿಂದ ಅವಳ ಬಾಯಲ್ಲಿ ಕಂದು ಗೂಟದ ಜಪ. ನಾನು ಕೊಡಿಸಬಹುದಿತ್ತು. ಕೊಡಿಸಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಮದುವೆಯ ನಂಟನ್ನು ತಂದವನೂ ಎರ್ರಣ್ಣನೇ. ಹುಡುಗ ದಾದಾಪೀರ್, ಸಿರುಗುಪ್ಪದವನು. ಬಸ್ ನಿಲ್ದಾಣದ ಹತ್ತಿರ ರೇಡಿಯಂ ಅಂಗಡಿ ಇಟ್ಟಿದ್ದ. ಹೊಳೆಯುವ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಲಾರಿ, ಟ್ರ್ಯಾಕ್ಟರುಗಳಿಗೆ ನಂಬರು, ಹೆಸರು ಅಂಟಿಸುವ ಕೆಲಸ. ಎರ್ರಣ್ಣನ ಲಾರಿಗಳ ಮೇಲಿದ್ದ ಅಕ್ಷರವೆಲ್ಲ ಅವನ ಕೈಯದೇ. ಹೆಣ್ಣು ನೋಡಲು ಬಂದವನು ತಲೆ ತಗ್ಗಿಸಿ ಕೂತು, "ನೀವು ಅರ್ಜಿಗೆ ಯಾವ ಅಕ್ಷರ ಹಾಕ್ತೀರಿ, ದುಂಡಂದೋ ಚೂಪಂದೋ?" ಎಂದು ಕೇಳಿದನಂತೆ. ಸುಮೈರಾ ಅಲ್ಲೇ ಸೋತಳು.

ತೊಡಕು ಅವನ ತಾಯಿ ಬಾನುಬೀ ಕಡೆಯಿಂದ. ಮದುವೆ ಹೆಣ್ಣಿಗೆ ಕಟ್ಟುವ ಕರಿಮಣಿ ಸರ ಪೋಣಿಸುವುದರಲ್ಲಿ ಸಿರುಗುಪ್ಪಕ್ಕೆಲ್ಲ ಆಕೆಯದೇ ಕೈ. ಕಣ್ಣಿಗೆ ಪೊರೆ ಬಂದಿದ್ದರೂ ಊರ ಸುದ್ದಿ ಮಾತಾಡುತ್ತಲೇ ಸರ ಮುಗಿಸುತ್ತಿದ್ದಳು. ಆಕೆ ಖಡಾಖಂಡಿತವಾಗಿ ಹೇಳಿದ್ದಳು: "ಸೊಸಿ ಕೋರ್ಟು ಕಚೇರಿ ಕೆಲಸ ಮಾಡೋದು ನಮ್ಮ ಮನ್ಯಾಗ ಇಲ್ಲ. ಆ ಟೈಪಿಂಗು ಬಳ್ಳಾರ್‍ಯಾಗೇ ಬಿಟ್ಟು ಬರ್ಲಿ."

ಮರುದಿನ ಸುಮೈರಾ ಅಂಗಡಿಗೆ ಬಂದು ಒಂದೇ ಅರ್ಜಿಯನ್ನು ಎರಡು ಸಲ ಟೈಪು ಮಾಡಿದಳು. ಹುಡುಗನೂ ಬೇಕು, ಬೆರಳಿನ ಕೆಲಸವೂ ಬೇಕು. ನನಗೆ ಕೆಡುಕೆನಿಸಿತು, ನನ್ನ ಅಂಗಡಿಯ ಚಿಂತೆಯೂ ಅದರಲ್ಲಿ ಸೇರಿತ್ತು ಅನ್ನಿ. ಮಧ್ಯಾಹ್ನ ಆಟಕ್ಕೂ ಹೋಗಲಿಲ್ಲ. ಸಂಜೆ ಕೀಬೋರ್ಡು ಬಡಿದು ಧೂಳು ಉದುರಿಸುವಾಗ ಇದ್ದಕ್ಕಿದ್ದಂತೆ ಮುಖ ಅರಳಿತು.

"ಸರ, ನಮ್ಮಾಗ ಮೆಹರ್ ಅಂತ ಐತಲ್ರಿ, ನಿಕಾದಾಗ ಗಂಡ ಹೆಂಡ್ತಿಗೆ ಕೊಡಬೇಕಾದ್ದು. ಕೊಟ್ಟ ಮ್ಯಾಲ ಅದು ಆಕಿದೇ. ಆಕಿನ್ನ ಕೇಳದ ಗಂಡನೂ ಕೈ ಹಚ್ಚಂಗಿಲ್ಲ, ಅತ್ತಿನೂ ಕೈ ಹಚ್ಚಂಗಿಲ್ಲ. ನಾನು ಕಂದು ಗೂಟದ ಕೀಬೋರ್ಡ್ ಕೇಳ್ತೀನ್ರಿ."

"ಎಲ್ಲಾರು ಬಂಗಾರ ಕೇಳ್ತಾರವ್ವ."

"ಬಂಗಾರ ಪೆಟ್ಟಿಗ್ಯಾಗ ಇಡ್ತಾರ. ಇದನ್ನ ಪೆಟ್ಟಿಗ್ಯಾಗ ಇಟ್ರ ದಂಡ ಅಲ್ರಿ ಅಂತ ನಾನು ಕೇಳಬಹುದು."

ಖಾದರಸಾಬ್ ತಲೆ ಚಚ್ಚಿಕೊಂಡ. "ಬೀಗರ ಮುಂದ ಯಾವ ಮುಖ ಇಟ್ಕೊಂಡು ಹೇಳ್ಲಿ?" ಅಂದ. ಎರ್ರಣ್ಣನೇ ಹೋಗಿ ಹೇಳಿ ಬಂದ. ದಾದಾಪೀರ್ ಒಂದೇ ಮಾತಿಗೆ ಹೂಂ ಅಂದನಂತೆ. ಅವನದೊಂದೇ ಷರತ್ತು: ತರಿಸುವುದು ಎರ್ರಣ್ಣನ ಪಾಲು, ಅಕ್ಷರ ಕೂರಿಸುವುದು ತನ್ನ ಪಾಲು. ಕಂಪನಿಯ ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡವನ್ನು ತಾನೇ ಕತ್ತರಿಸಿ ಅಂಟಿಸುತ್ತೇನೆ ಅಂದ. ಬಾನುಬೀ, "ಆಟದ ಸಾಮಾನು ಕೇಳೋ ಹೆಣ್ಣನ್ನ ನಾನೆಲ್ಲೂ ನೋಡಿಲ್ಲ" ಅಂದಳು, ಆದರೆ ಬೇಡ ಅನ್ನಲಿಲ್ಲ.

ನಿಕಾ ಕುರುಗೋಡಿನಲ್ಲಿ, ಖಾದರಸಾಬನ ಅಣ್ಣನ ಮನೆಯ ಮುಂದಿನ ಚಪ್ಪರದಲ್ಲಿ ನಡೆಯಿತು. ನಾನೂ ಹೋಗಿದ್ದೆ. ಮೆಹರ್ ಏನೆಂದು ಖಾಜಿ ಕೇಳಿದಾಗ ಎರ್ರಣ್ಣ ಮಖಮಲ್ಲಿನ ಗಂಟು ಬಿಚ್ಚಿದ. ಚಪ್ಪರವೆಲ್ಲ ಕತ್ತು ಚಾಚಿತು. ಅಕ್ಷರದ ಕೀಲಿಗಳೆಲ್ಲ ಹಳದಿ, ಆಟಕ್ಕೆ ಬಳಸುವ ನಾಲ್ಕು ಕೀಲಿ ಮಾತ್ರ ಬಿಳಿ, ಎಲ್ಲದರ ಮೇಲೂ ಸಾಸಿವೆಯಷ್ಟು ಸಣ್ಣ ಕಪ್ಪು ಅಕ್ಷರ. ಯಾಕೆ ಹೀಗೆಂದು ನಾನು ದಾದಾಪೀರನನ್ನು ಕೇಳಿದೆ. "ಬಾಡಿಗಿ ಗಾಡಿಗೆ ಹಳದಿ ಪ್ಲೇಟು, ಸ್ವಂತ ಗಾಡಿಗೆ ಬಿಳಿ ಪ್ಲೇಟು ಅಲ್ರಿ ಸರ? ದುಡಿಯೋ ಕೀಲಿ ಹಳದಿ ಮಾಡೀನಿ. ಆಟ ಆಕಿ ಸ್ವಂತದ್ದು" ಅಂದ. ಆ ಹುಡುಗ ನನಗೆ ಆ ಕ್ಷಣದಲ್ಲೇ ಹಿಡಿಸಿಬಿಟ್ಟ. ಖಾಜಿ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿ, "ಹುಡುಗಿ ಕೇಳ್ಯಾಳ, ಹುಡುಗ ಕೊಡ್ತಾನ, ಬೆಲೆ ಬಾಳೋ ವಸ್ತು. ಮತ್ತೇನು ಬೇಕು?" ಅಂದರು. ಬಾನುಬೀ ತಾನೇ ಪೋಣಿಸಿದ ಕರಿಮಣಿ ಸರವನ್ನು ಸೊಸೆಯ ಕೊರಳಿಗೆ ಕಟ್ಟಿದಳು, ನಗಲಿಲ್ಲ.

ಕೀಬೋರ್ಡು ಸಿಕ್ಕಿತು, ಸರಿ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಅದನ್ನು ಏನು ಮಾಡುವುದು? ನನ್ನ ಹೆಂಡತಿ ಎರಡು ದಿನ ಕುಟುಕಿದ ಮೇಲೆ ಕೈ ಸಡಿಲಿಸಿ ಅಂಗಡಿಯ ಒಂದು ಕಂಪ್ಯೂಟರನ್ನು ಉಡುಗೊರೆ ಎಂದು ಎರ್ರಣ್ಣನ ಲಾರಿಗೆ ಏರಿಸಿ, ನಾನೂ ಜೊತೆಗೆ ಹೊರಟೆ. ಸುಮೈರಾ ಸಿರುಗುಪ್ಪದಲ್ಲೇ ಟೈಪು ಮಾಡಿ ಬಸ್ಸಿನಲ್ಲಿ ಪೆನ್ ಡ್ರೈವ್ ಕಳಿಸಿದರೆ ನನ್ನ ಅಂಗಡಿಯೂ ಉಳಿಯುತ್ತದೆ ಎಂಬ ಲೆಕ್ಕ ನನ್ನದು. ಬಾನುಬೀ ಒಪ್ಪಿದರೆ ಮಾತ್ರ.

ಅಷ್ಟು ದೊಡ್ಡ ಲಾರಿ ಬಾಗಿಲಿಗೆ ಅಡ್ಡ ನಿಂತದ್ದು ನೋಡಿಯೇ ಬಾನುಬೀಗೆ ರೇಗಿತು. ಭತ್ತದ ಲಾರಿಗಳು ದಿನಾ ಹೀಗೇ ನಿಲ್ಲುತ್ತವಂತೆ. ಪಡಸಾಲೆಯಲ್ಲಿ ಕಂಪ್ಯೂಟರ್ ಜೋಡಿಸಿದೆವು. ನೆಂಟರು, ಓಣಿಯ ಹೆಂಗಸರು ಸುತ್ತ ಕೂತರು. ಸುಮೈರಾ ಮದರಂಗಿಯ ಕೈಯಲ್ಲಿ ಮೆಹರನ್ನು ತಂದಿಟ್ಟಳು. ಬಂದಾಗಿನಿಂದ ಅದನ್ನು ನೋಡಿದ್ದಷ್ಟೇ, ಒತ್ತಿರಲಿಲ್ಲ.

"ಏನ್ ಮಾಡ್ತೈತಿ ಇದು, ನೋಡೋಣು" ಅಂದಳು ಬಾನುಬೀ. "ಪುರಸಭೆಗೆ ಒಂದು ಅರ್ಜಿ ಬರಿ. ನಮ್ಮ ಓಣ್ಯಾಗ ಲಾರಿ ನಿಲ್ಲಿಸ್ತಾರ, ಮಂದಿ ಹೋಗಾಕ ಬರಾಕ ದಾರಿ ಇಲ್ಲ. ಇವತ್ತು ನಿಂತದ್ದು ಎರ್ರಣ್ಣಂದು ಅಂತ ಅದನ್ನೂ ಬರಿ."

ಎರ್ರಣ್ಣ ಕಂಬದ ಹಿಂದೆ ಸರಿದ. ಸುಮೈರಾ ಅತ್ತೆಯ ಮುಖ ನೋಡುತ್ತ ಶುರು ಮಾಡಿದಳು. ಕೀಲಿಗಳ ಸದ್ದು ಬೆಲ್ಲ ಮುರಿದಂತೆ ಹಿತವಾಗಿತ್ತು. ನಾನು ಪರದೆ ನೋಡಿದೆ. ಅಲ್ಲಿದ್ದದ್ದು ಕನ್ನಡವಲ್ಲ, ಯಾವ ಭಾಷೆಯೂ ಅಲ್ಲ. ಓಣಿಯ ಸುಂಕಲಮ್ಮ ಕಣ್ಣು ಕಿರಿದು ಮಾಡಿ, "ಇದು ಏನಂತ ಓದ್ಬೇಕವ್ವ?" ಅಂದಳು. ಹೆಂಗಸರು ಸೆರಗಿನೊಳಗೆ ನಕ್ಕರು.

ಸುಮೈರಾ ಅಳಿಸಿ ಮತ್ತೆ ಬರೆದಳು. ಮತ್ತೆ ಅದೇ ಗೋಜಲು. ಅವಳ ತೋರುಬೆರಳುಗಳು ನಡುಸಾಲನ್ನು ತಡಕಾಡಿ ತಡಕಾಡಿ ನಿಂತವು. ಎಲ್ಲ ಕೀಬೋರ್ಡಿನಲ್ಲೂ ಎಫ್, ಜೆ ಕೀಲಿಗಳ ಮೇಲೆ ಒಂದೊಂದು ಉಬ್ಬುಗೆರೆ ಇರುತ್ತದೆ. ನೋಡದೆ ಟೈಪು ಮಾಡುವವರು ತೋರುಬೆರಳನ್ನು ಆ ಗೆರೆಯ ಮೇಲಿಟ್ಟೇ ಉಳಿದ ಬೆರಳುಗಳ ಜಾಗ ಹಿಡಿಯುವುದು.

"ಇಲ್ಲಿ ಎರಡು ಗೆರಿ ಇರ್ತಿದ್ವಲ್ರಿ?" ಎಂದು ಗಂಡನನ್ನು ಕೇಳಿದಳು.

"ಅವಾ?" ದಾದಾಪೀರ್ ಹೆಮ್ಮೆಯಿಂದಲೇ ಹೇಳಿದ. "ಅಚ್ಚಿನಾಗ ಉಳಿದ ಪ್ಲಾಸ್ಟಿಕ್ ಚೂರು ಅನ್ಕೊಂಡೆ. ಪ್ಲೇಟಿನ ಮ್ಯಾಲ ಒಂದು ಉಬ್ಬಿದ್ರೂ ರೇಡಿಯಂ ಕುಂದರಂಗಿಲ್ಲ. ಪಾಲಿಶ್ ಕಾಗದ ಹಾಕಿ ಚಂದಾಗಿ ಉಜ್ಜಿ ತೆಗದೀನಿ."

ಹುಡುಗ ನಮ್ಮಿಬ್ಬರ ಮುಖ ನೋಡಿ ತಾನು ಮಾಡಿದ್ದು ತಿಳಿದು ಬಿಳಚಿಕೊಂಡ. ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಬಹುದಿತ್ತು, ಆದರೆ ಹಾಗೆ ಕುಕ್ಕುವುದಕ್ಕೆ ಸುಮೈರಾ ಯಾಕೆ? ಅವಳ ಕಣ್ಣು ತುಂಬಿದವು. ಎಲ್ಲ ಮುಗಿಯಿತು, ಇನ್ನು ಇದು ಮಖಮಲ್ಲಿನ ಗಂಟಿಗೇ ಎಂದು ನಾನೂ ಅಂದುಕೊಂಡೆ.

ಬಾನುಬೀ ಎದ್ದು ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಮಣಿಯ ಡಬ್ಬಿ ಇತ್ತು.

"ನನಗೂ ಕಣ್ಣು ಕಾಣಂಗಿಲ್ಲ" ಅಂದಳು. "ಸರದ ನಡುವ ಒಂದು ದಪ್ಪ ಮಣಿ ಹಾಕ್ತೀನಿ. ಬೆರಳಿಗೆ ಅದು ಸಿಕ್ರ ನಡು ಸಿಕ್ತು ಅಂತ ತಿಳೀತೈತಿ. ನಿಂದೂ ಅದೇ ಪಾಡು ಅಲ್ಲೇನು?"

ಸುಮೈರಾ ತಲೆಯಾಡಿಸಿದಳು. ಅವಳ ಸರ ಪೋಣಿಸಿ ಉಳಿದಿದ್ದ ಮಣಿಗಳಲ್ಲಿ ಎರಡು ಸಣ್ಣವನ್ನು ಬಾನುಬೀ ಅಂಗೈಗೆ ತೆಗೆದುಕೊಂಡಳು. ದಾದಾಪೀರ್ ಅಂಟು ತಂದು ಕೀಬೋರ್ಡಿಗೆ ಕೈ ಚಾಚಿದ. ಬಾನುಬೀ ಅವನ ಕೈಗೆ ಪಟ್ಟನೆ ಹೊಡೆದಳು.

"ಅದು ಆಕಿ ಮೆಹರು. ಒಂದು ಸಲ ಕೇಳದ ಉಜ್ಜೀದಿ, ಸಾಕು." ಆಮೇಲೆ ಸೊಸೆಯ ಕಡೆ ತಿರುಗಿದಳು. "ಹಚ್ಚಲೇನವ್ವ?"

ಸುಮೈರಾ ಹೂಂ ಎಂದು ಕೀಬೋರ್ಡನ್ನು ಅತ್ತೆಯ ಕಡೆ ಸರಿಸಿದಳು. ಎರಡೂ ಕೀಲಿಗಳ ಮೇಲೆ ಒಂದೊಂದು ಮಣಿ ಕೂತಿತು. ಅಂಟು ಒಣಗುವವರೆಗೆ ಎಲ್ಲರೂ ಚಹಾ ಕುಡಿದೆವು. ಎರ್ರಣ್ಣ ಹೋಗಿ ಲಾರಿಯನ್ನು ಊರ ಹೊರಗೆ ನಿಲ್ಲಿಸಿ ಬಂದ.

ಈ ಸಲ ಅರ್ಜಿ ಹರಿಯಿತು. ಲಾರಿ, ಓಣಿ, ಮುದುಕರು, ಶಾಲೆಗೆ ಹೋಗುವ ಹುಡುಗರು ಎಲ್ಲ ಅದರೊಳಗೆ ಬಂದರು, ಎರ್ರಣ್ಣನೂ ಬಂದ. ಸುಂಕಲಮ್ಮ ಗಟ್ಟಿಯಾಗಿ ಓದಿದಳು. ಮುಗಿದ ಕೂಡಲೇ, "ನಮ್ಮನಿ ನಳದ್ದೂ ಒಂದು ಬರಿಬೇಕಾಗಿತ್ತವ್ವ" ಎಂದು ಸೇರಿಸಿದಳು. ಹಿಂದಿನಿಂದ ಇನ್ನಿಬ್ಬರು ತಮ್ಮದೂ ಇದೆ ಅಂದರು.

"ಸರದಿ ಪ್ರಕಾರ ಬರ್ರಿ, ನಮ್ಮದು ಮುಗೀಲಿ" ಎಂದು ಬಾನುಬೀ ಎಲ್ಲರನ್ನೂ ಗದರಿಸಿದಳು. "ಸುಮೈರಾ, ಕೆಳಗ ನನ್ನ ಹೆಸರು ಹಾಕು. ಅದರ ಕೆಳಗ, ಬರದವರು ಅಂತ ನಿನ್ನ ಹೆಸರೂ ಹಾಕು. ಬಾನುಬೀ ಸೊಸಿ ಅಂತ ಹಾಕು. ಪುರಸಭ್ಯಾಗ ಎಲ್ಲಾರು ಓದ್ಲಿ."

ಸುಮೈರಾ ಹಾಕಿದಳು. ಬೆರಳು ಎರಡು ಕರಿಮಣಿಗಳಿಂದ ಹೊರಟು ತಮ್ಮ ಪಾಡಿಗೆ ಓಡುತ್ತಿದ್ದವು. ಅವಳು ಕೀಬೋರ್ಡನ್ನು ನೋಡುತ್ತಿರಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದಳು.