ಬಾಗಿಲಮ್ಮನ ಕೈ

ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಬಾಗಿಲಮ್ಮ ಎಂದೇ ಕರೆಯುತ್ತಿದ್ದರು. ಹುಟ್ಟಿದ ಮಗುವನ್ನು ಒರೆಸಿ, ಬಟ್ಟೆ ಸುತ್ತಿ, ಹೆರಿಗೆ ಕೋಣೆಯ ಬಾಗಿಲಿಗೆ ತಂದು ಮನೆಯವರ ಕೈಗೆ ಕೊಡುವುದು ಅವಳ ಕೆಲಸ. ಪಕ್ಕದ ಬಟ್ಟೆ ಕೋಣೆಯಲ್ಲಿ ಕೂತು ಆ ಬಟ್ಟೆಗಳನ್ನು ಮಡಚಿಡುವುದು ನನ್ನ ಕೆಲಸ. ನಡುವೆ ಒಂದು ಗಿಡ್ಡ ಕಿಟಕಿ. ಈ ಕಡೆಯಿಂದ ಬಟ್ಟೆ ಹೋಗುತ್ತಿತ್ತು, ಆ ಕಡೆಯಿಂದ ಬೈಗುಳ ಬರುತ್ತಿತ್ತು.

"ಇದೇನು ಬಟ್ಟೆನಾ, ಗೋಣಿಚೀಲನಾ? ಈಗ ಹುಟ್ಟಿರೋ ಮೈ ಕಣೇ ಅದು!" ಎಂದು ವಾಪಸ್ ಎಸೆಯುವಳು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಕೈ ಮಾತ್ರ ಬೇರೆ ಯಾರದ್ದೋ ಅನ್ನಬೇಕು, ಅಷ್ಟು ಮೃದು. ಕಿರುಚಿಕೊಳ್ಳುವ ಮಗುವೂ ಆ ಕೈಗೆ ಬಂದರೆ ಸುಮ್ಮನಾಗುತ್ತಿತ್ತು.

ಬಾಗಿಲಲ್ಲಿ ಅವಳದೊಂದು ಕಟ್ಟಳೆ ಇತ್ತು. ಮಗು ಕೊಡುವ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಕುಡಿದು ಬಂದವನ ಮಾತು ಹಾಗಿರಲಿ, ಖುಷಿಗೆ ನಡುಗುವ ಕೈಗೂ ಕೊಡುತ್ತಿರಲಿಲ್ಲ. "ನಡುಗೋ ಕೈಗೆ ನಾನು ಮಗು ಕೊಡಲ್ಲ. ಆ ಬೆಂಚ್ ಮೇಲೆ ಕೂತ್ಕೊ, ನೀರು ಕುಡಿ. ಮಗು ಎಲ್ಲೂ ಓಡಿಹೋಗಲ್ಲ." ದೊಡ್ಡ ಪೊಲೀಸ್ ಅಧಿಕಾರಿಯೊಬ್ಬ ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಶಾಲೆ ಹುಡುಗನ ಹಾಗೆ ಎರಡೂ ಕೈ ಚಾಚಿ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು.

ಒಂದು ಮಧ್ಯಾಹ್ನ ಅವಳು ಕಿಟಕಿಯಲ್ಲಿ ಬಟ್ಟೆ ತೆಗೆದುಕೊಂಡಾಗ ಅದರ ಅಂಚು ಅಲುಗುತ್ತಿತ್ತು. ಫ್ಯಾನಿನ ಗಾಳಿ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಕರೆಂಟೇ ಇರಲಿಲ್ಲ.

"ಅಕ್ಕಾ, ಕೈಗೇನಾಯ್ತು?"

"ಚಳಿ."

ಹೊರಗೆ ನೆಲ ಸುಡುವ ಬಿಸಿಲು. ಆಮೇಲೆ ಅವಳು ಚೆಲ್ಲದಿರಲೆಂದು ಟೀಯನ್ನು ಅರ್ಧ ಲೋಟವೇ ಹಾಕಿಸಿಕೊಳ್ಳತೊಡಗಿದಳು. ನಾನು ಬಿಡದೆ ಪೀಡಿಸಿದ ಮೇಲೆ ಹೇಳಿದಳು: ನರದ ಕಾಯಿಲೆ, ಹೆಚ್ಚಾಗುತ್ತದೆಯೇ ಹೊರತು ಹೋಗುವುದಿಲ್ಲ. ಯಾರ ಮುಂದಾದರೂ ಬಾಯಿ ಬಿಟ್ಟರೆ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲ ಎಂದು ಹೆದರಿಸಿದಳು ಕೂಡ. ಅದಾದ ಕೆಲವೇ ದಿನಕ್ಕೆ, ಒಂದು ಮಗು ಅವಳ ಅಂಗೈಯಿಂದ ಮೊಣಕೈವರೆಗೆ ಜಾರಿತು. ಹೊಟ್ಟೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತಳು. ಮಗುವಿಗೆ ಎಚ್ಚರವೂ ಆಗಲಿಲ್ಲ. ಇವಳಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಅವತ್ತೇ ಬೆನ್ನುನೋವೆಂದು ಸುಳ್ಳು ಹೇಳಿ, ಹಾಸಿಗೆ ಬಟ್ಟೆ ಒಗೆಯುವ ಕಡೆಗೆ ಕೆಲಸ ಬದಲಾಯಿಸಿಕೊಂಡಳು.

ಅವಳಿಗೆ ಒಬ್ಬಳೇ ಮಗಳು. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ತುಂಬು ಬಸುರಿ. "ಅಮ್ಮಾ, ನನ್ ಮಗೂನ ನೀನೇ ಹೊರಗೆ ತರ್ಬೇಕು. ಬೇರೆ ಯಾರ ಕೈಗೂ ಕೊಡ್ಬಾರ್ದು" ಎಂದು ಅವಳು ಹಟ ಹಿಡಿದಾಗ ಬಾಗಿಲಮ್ಮ ಹೂಂ ಅಂದುಬಿಟ್ಟಳು.

"ಅವಳಿಗೆ ಹೇಳಿಬಿಡು ಅಕ್ಕಾ" ಎಂದೆ.

"ಒಂದನ್ನ ಕಳ್ಕೊಂಡಿದಾಳೆ. ನನ್ ಕೈ ಚಿಂತೆ ಬೇರೆ ಯಾಕೆ ಅವಳಿಗೆ?"

ನಿಜ ಹೇಳಬೇಕೆಂದರೆ ಅದು ಬರೀ ಮಗಳ ಮೇಲಿನ ಕನಿಕರವಲ್ಲ. ಆ ಮಾತನ್ನು ಒಮ್ಮೆ ಆಡಿದರೆ ತಾನು ಬಾಗಿಲಮ್ಮನಾಗಿ ಉಳಿಯುವುದಿಲ್ಲ ಎಂಬ ಭಯ. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಹೆರಿಗೆಯ ದಿನ ಅವಳು ಒಗೆಯುವ ಕೆಲಸ ಬಿಟ್ಟು ಮಗಳ ಜೊತೆ ಹೆರಿಗೆ ಕೋಣೆಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತು, ಆರೋಗ್ಯವಾಗಿ, ಗಂಟಲು ಹರಿಯುವಂತೆ ಅಳುತ್ತ. ನರ್ಸ್ ಬಟ್ಟೆ ಸುತ್ತಿ, "ತಗೊಳ್ಳಿ ಬಾಗಿಲಮ್ಮ, ನಿಮ್ ಮೊಮ್ಮಗಳು" ಎಂದು ಚಾಚಿದಳು. ಇವಳ ಎರಡೂ ಕೈ ಬೆನ್ನ ಹಿಂದೆ ಹೋದವು.

"ಅವಳ ಅತ್ತೆ ಹೊರಗಿದಾರಲ್ಲ, ಅವರಿಗೇ ಕೊಡಿ."

ಮಂಚದ ಮೇಲಿಂದ ಮಗಳು ನೋಡುತ್ತಿದ್ದಳು. "ಕಂಡೋರ ಮಕ್ಕಳನ್ನೆಲ್ಲ ಎತ್ತಾಡಿಸ್ದೆ. ನನ್ ಮಗು ಮಾತ್ರ ಬೇಡವಾಯ್ತಾ? ಹೆಣ್ಣು ಅಂತಾನಾ?" ಎಂದವಳು ಗೋಡೆ ಕಡೆ ಹೊರಳಿದಳು. ಬಾಗಿಲಮ್ಮ ಬೆನ್ನ ಹಿಂದಿನ ಕೈ ಬಿಚ್ಚದೆ ಹೊರಗೆ ನಡೆದಳು. ಆಸ್ಪತ್ರೆಯಿಂದ ಮಗಳು ನೇರ ಗಂಡನ ಮನೆಗೆ ಹೋದಳು, ತಾಯಿಗೆ ಒಂದು ಮಾತೂ ಹೇಳದೆ.

ಕೊನೆಗೆ ನಾನೇ ಬಾಗಿಲಮ್ಮನನ್ನು ಮಗಳ ಮನೆಗೆ ಎಳೆದುಕೊಂಡು ಹೋದೆ. ಮಗಳು ಬಾಗಿಲು ತೆಗೆದಳು, ಮಾತು ತೆಗೆಯಲಿಲ್ಲ. ಮಲಗಿದ್ದ ಮಗುವನ್ನು ಮಂಚದ ಮೇಲೆ ಬಿಟ್ಟು ಸ್ನಾನಕ್ಕೆ ಹೋದಳು. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚುವಷ್ಟರಲ್ಲಿ ಮಗು ಚೀರಿತು. ಓಡಿ ಬಂದರೆ ಮಗಳೂ ಒದ್ದೆ ತಲೆಯಲ್ಲೇ ಬಂದಿದ್ದಳು. ಮಗುವಿನ ಮುಖ ಕೆಂಪಾಗಿತ್ತು. ಮಂಚದ ಪಕ್ಕದ ಕುರ್ಚಿಯಲ್ಲಿ ಬಾಗಿಲಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. "ಬಂದ್ಲು ಪುಟ್ಟಿ, ಅಮ್ಮ ಬಂದ್ಲು" ಎನ್ನುತ್ತಿದ್ದಳು.

ಮಗಳು ಮಗುವನ್ನು ಬಾಚಿಕೊಂಡಳು. "ನೀನೇನು ಮನುಷ್ಯಳಾ, ಕಲ್ಲಾ?"

ಬಾಗಿಲಮ್ಮ ಕೈಗಳನ್ನು ಹೊರಗೆ ತೆಗೆದು ಮುಂದೆ ಚಾಚಿದಳು, ಆ ಪೊಲೀಸ್ ಅಧಿಕಾರಿ ಚಾಚಿದ್ದ ಹಾಗೆಯೇ. ಎರಡೂ ಗಡಗಡ ನಡುಗುತ್ತಿದ್ದವು.

"ಇದಕ್ಕೇ ಕಣೇ."

ಮಗಳ ಸಿಟ್ಟು ಜರ್ರನೆ ಇಳಿಯಿತು. "ಹೇಳೋಕೇನಾಗಿತ್ತಮ್ಮ..." ಎಂದಳು. ಬಾಗಿಲಮ್ಮ ಕುರ್ಚಿಯಿಂದ ಇಳಿದು, ನೆಲದ ಮೇಲೆ ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. "ಇಲ್ಲಿಂದ ಬೀಳೋಕೆ ಜಾಗ ಇಲ್ಲ. ಒಂದೇ ಒಂದ್ಸಲ ಮಡಿಲಿಗೆ ಹಾಕು."

ಮಗಳು ಬಗ್ಗಿದಳು. ಕಣ್ಣು ಆ ಕೈಗಳ ಮೇಲೇ ಇತ್ತು. ತನಗೇ ತಿಳಿಯದಂತೆ ಮಗುವನ್ನು ಎದೆಗೆ ಬಿಗಿಯಾಗಿ ಅವಚಿ, ಒಂದು ಹೆಜ್ಜೆ ಹಿಂದೆ ಸರಿದಳು.

ಬಾಗಿಲಮ್ಮ ಅದನ್ನು ಕಂಡಳು. "ಸರಿ ಬಿಡು. ನಾನಾಗಿದ್ರೂ ಕೊಡ್ತಿರ್ಲಿಲ್ಲ."

"ಅಯ್ಯೋ ಹಾಗಲ್ಲಮ್ಮ, ತಗೋ, ತಗೋ" ಎಂದು ಮಗಳು ಅಳುತ್ತ ಮಂಡಿಯೂರಿ ಮಗುವನ್ನು ಚಾಚಿದಳು. ಅಷ್ಟರಲ್ಲಿ ಆ ಕೈಗಳು ಮತ್ತೆ ತೊಡೆಯ ಕೆಳಗೆ ಸೇರಿದ್ದವು.

"ಕಾಲ ಹತ್ರ ಬಟ್ಟೆ ಸಡಿಲ ಆಗಿದೆ ನೋಡು" ಎಂದಳು ಬಾಗಿಲಮ್ಮ. "ಎಡಗಡೆ ಅಂಚು ಒಳಗೆ ಸಿಕ್ಕಿಸು. ಹಾಂ, ಹಾಗೆ."