ಸೆಲ್ವಂ ಸೇರಿಸಿದ ಎಂಟನೇ ಪೆಟ್ಟು

ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಎಲ್ಲ ಹೊಗಳಿಕೆಗೂ ಅಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಬಟ್ಟೆ ನೇರವಾಗಿ ಕತ್ತರಿಸುತ್ತೀರಿ ಅಂದರೆ ಹಲ್ಲು ಕಿರಿದು ಖುಷಿಪಡುತ್ತೇನೆ. ಆದರೆ 'ನಿಮ್ಮ ಸೀಡಿಯಲ್ಲಿ ಆ ಮೂರನೇ ಹಾಡಿದೆಯಲ್ಲ, ಅದು ಸೂಪರ್' ಎಂದರೆ ಸಾಕು, ಬೆಳಿಗ್ಗೆ ತಿಂದ ಇಡ್ಲಿ ಹೊಟ್ಟೆಯೊಳಗೇ ಇನ್ನೊಮ್ಮೆ ಬೇಯುತ್ತದೆ.

ಹಗಲೆಲ್ಲ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಪ್ಯಾಂಟು ಶರ್ಟಿನ ಬಟ್ಟೆ ಅಳೆಯುವ ನಾನು ಸಂಜೆಯಾದರೆ ಗಿಟಾರ್ ಹಿಡಿಯುತ್ತೇನೆ. ನನ್ನದು ಪ್ರೋಗ್ರೆಸಿವ್ ರಾಕ್. ಹಾಗಂದರೇನು ಎಂದು ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯಲ್ಲಿರುವ ನಮ್ಮ ಭಾವ ಒಮ್ಮೆ ಕೇಳಿದರು. ಹಾಡು ಶುರುವಾದಾಗ ಕಾಫಿಗೆ ಹಾಲಿಟ್ಟರೆ, ಕುಡಿದು ಲೋಟ ತೊಳೆದಿಟ್ಟರೂ ಮುಗಿದಿರುವುದಿಲ್ಲ. ಜೊತೆಗೆ ಕುಣಿಯಲು ಹೋದವರ ಕಾಲು ತೊಡರುತ್ತದೆ ಎಂದೆ. 'ಮತ್ತೆ ಯಾಕೆ ಬೇಕು?' ಎಂದರು. ತೊಂಬತ್ತರ ದಶಕ ಪೂರ್ತಿ ನಾನು ಕೇಳಿಸಿಕೊಂಡದ್ದು ಇದೊಂದೇ ಪ್ರಶ್ನೆ. ನಮ್ಮ ನಾಲ್ವರ ಬ್ಯಾಂಡಿನಲ್ಲಿ ಮೂವರು ಒಬ್ಬೊಬ್ಬರಾಗಿ ಮದುವೆ ಆರ್ಕೆಸ್ಟ್ರಾ ಸೇರಿದರು. ನನ್ನ ಮೊದಲ ಸೋಲೋ ಆಲ್ಬಂ ಹುಟ್ಟಿದ್ದು ಹೀಗೆ. ಸೋಲೋ ಎಂದರೆ ಏಕಾಂಗಿ ಸಾಧನೆ ಎಂದು ಜನ ತಿಳಿಯುತ್ತಾರೆ. ಬೇರೆ ಯಾರೂ ಬರಲಿಲ್ಲ, ನನ್ನ ಮಟ್ಟಿಗೆ ಅದರ ಅರ್ಥ ಅಷ್ಟೆ. ಡ್ರಮ್ಸ್ ಕೂಡ ನಾನೇ ಕೀಬೋರ್ಡಿನ ಮೇಲೆ ಬೆರಳಲ್ಲಿ ಬಾರಿಸಿದೆ.

ಆ ಆಲ್ಬಮ್ಮಿನ ಜೀವ ಮೂರನೇ ಹಾಡು. ಹನ್ನೊಂದು ವರ್ಷ ತಿದ್ದಿದ್ದು. ಏಳು ಪೆಟ್ಟಿನ ತಾಳ. ಕೇಳುವವನು ಎಂಟನೆಯದಕ್ಕೆ ಕಾಲಿಡುತ್ತಾನೆ, ಅಲ್ಲಿ ನೆಲ ಇರುವುದಿಲ್ಲ. ಆ ಇಲ್ಲದ ನೆಲಕ್ಕಾಗಿಯೇ ನಾನು ಹಾಡು ಕಟ್ಟಿದ್ದೆ.

ರೆಕಾರ್ಡಿಂಗ್ ಆದದ್ದು ಹಲಸೂರಿನ ಸೆಲ್ವಂ ಸ್ಟುಡಿಯೋದಲ್ಲಿ. ಸ್ಟುಡಿಯೋ ಅಂದರೆ ಅವನ ಮನೆಯ ಹಿಂದಿನ ಕೋಣೆ, ಗೋಡೆಗೆ ಹಳೇ ಹಾಸಿಗೆ ಹೊಡೆದದ್ದು. ಅಯ್ಯಪ್ಪ, ಮಾರಿಯಮ್ಮ, ಏಸು, ಎಲ್ಲರ ಹಾಡೂ ಅಲ್ಲೇ ತಯಾರು. ಸೆಲ್ವಂ ಬಹಳ ಒಳ್ಳೆಯವನು, ತೊಂದರೆ ಇರುವುದೇ ಅಲ್ಲಿ. ನಾನು ನುಡಿಸಿಕೊಟ್ಟು ಬಂದ ಮೇಲೆ ಎರಡು ದಿನ ಕಂಪ್ಯೂಟರಿನ ಮುಂದೆ ಕೂತು, ಪ್ರತಿ ಸುತ್ತಿನ ಕೊನೆಯಲ್ಲೂ ಹಾಡನ್ನು ಕತ್ತರಿಸಿ, ನಡುವೆ ಒಂದೊಂದು 'ಜಣ್' ತುಂಬಿ, ಏಳನ್ನು ಎಂಟು ಮಾಡಿಬಿಟ್ಟ. ನನಗೆ ಹೇಳಲಿಲ್ಲ. ನನ್ನ ಹಾಡು ನನಗೆ ಗೊತ್ತಿಲ್ಲವೇ ಎಂಬ ಕೊಬ್ಬಿನಲ್ಲಿ ನಾನೂ ಮತ್ತೆ ಕೇಳಲಿಲ್ಲ. ಸೀಡಿಗಳು ಹಾಗೇ ಅಚ್ಚಾಗಿ ಬಂದವು.

ಗೊತ್ತಾದದ್ದು ಇಂದಿರಾನಗರದ ಒಂದು ಸಣ್ಣ ಹಾಲ್‌ನಲ್ಲಿ, ಬಿಡುಗಡೆಯ ದಿನ, ಎಲ್ಲರ ಎದುರಿಗೆ. ಸೀಡಿ ಹಾಕಿದರು, ಮೂರನೇ ಹಾಡು ಬಂತು. ಮೊದಲ ಸುತ್ತಿಗೇ ತಾಳ ಹಾಕುತ್ತಿದ್ದ ನನ್ನ ಕಾಲು ತೊಡರಿತು. ಮಿಕ್ಕವರ ಕಾಲು ಮಾತ್ರ ಆರಾಮಾಗಿ ಕುಣಿಯುತ್ತಿತ್ತು. ಭಾವ ತೊಡೆ ತಟ್ಟಿಕೊಳ್ಳುತ್ತಿದ್ದರು. ಅಮ್ಮ ಪಕ್ಕಕ್ಕೆ ಬಾಗಿ, 'ಈಗ ಕೇಳೋ ಹಾಗಿದೆ ನೋಡು. ಇಷ್ಟು ದಿನ ಎಲ್ಲೋ ಎಡವ್ತಾ ಇತ್ತು' ಎಂದಳು. ನನ್ನ ಹನ್ನೊಂದು ವರ್ಷಕ್ಕೆ ಅವತ್ತು ಚಪ್ಪಾಳೆ ತಟ್ಟುತ್ತಾ ಮಣ್ಣು ಹಾಕಿದರು.

ನಮ್ಮ ಆಲಂಕಾರಿಕರು ಕ್ರೋಧವನ್ನು ರೌದ್ರರಸದ ಸ್ಥಾಯಿಭಾವ ಎಂದಿದ್ದಾರೆ. ರೌದ್ರಕ್ಕೆ ಗದೆ ಬೇಕು, ಎದುರಿಗೆ ಒಬ್ಬ ದುಷ್ಟ ಬೇಕು. ಉಪಕಾರ ಮಾಡಿದವನ ಮೇಲೆ ಬರುವ ಸಿಟ್ಟಿಗೆ ಅವರು ಯಾವ ರಸವನ್ನೂ ಹೇಳಿಲ್ಲ. ಸೆಲ್ವಂ ಕುಡಿದು ಹಾಳು ಮಾಡಿದ್ದರೆ ಕುತ್ತಿಗೆಪಟ್ಟಿ ಹಿಡಿಯಬಹುದಿತ್ತು. ಅವನು ಊಟ ಬಿಟ್ಟು ಕೂತು ಹಾಳು ಮಾಡಿದ್ದ. ಎರಡು ಮೀಟರ್ ಕೇಳಿದವರಿಗೆ, ಪಾಪ ಸಾಲದು ಎಂದು, ಮಧ್ಯೆ ಮಧ್ಯೆ ಬೇರೆ ಬಟ್ಟೆಯ ತುಂಡು ಹೊಲಿದು ಕೊಟ್ಟರೆ ಗಿರಾಕಿ ನನ್ನನ್ನು ಸುಮ್ಮನೆ ಬಿಡುತ್ತಾನೆಯೇ?

ಮರುದಿನ ಬೆಳಿಗ್ಗೆ ಅವನ ಮನೆಗೆ ನುಗ್ಗಿದೆ. ಜಗಲಿಯಲ್ಲಿ ಅವನ ಅಪ್ಪ ಡೋಲಿನ ವಾರು ಬಿಗಿಯುತ್ತಿದ್ದರು. ದೇವಸ್ಥಾನದ ಓಲಗದಲ್ಲಿ ಬಾರಿಸಿ ಬಾರಿಸಿ ಬೆರಳು ಜಡ್ಡುಗಟ್ಟಿದ ಮುದುಕ.

'ಏನ್ ಮಾಡಿದೀಯ ಸೆಲ್ವಂ ನನ್ ಹಾಡಿಗೆ?' ಎಂದೆ.

'ಅದಾ ಸಾರ್? ಎಲ್ಲಾ ಕಡೆ ಒಂದೊಂದು ಪೆಟ್ಟು ಬಿಟ್ಟುಹೋಗಿತ್ತು. ನೀವು ಬೇಜಾರ್ ಮಾಡ್ಕೋತೀರ ಅಂತ ಹೇಳ್ಲಿಲ್ಲ. ನಾನೇ ಸೇರಿಸ್ಬಿಟ್ಟೆ.'

'ಅದು ಏಳು ಕಣಯ್ಯಾ. ನಿಮ್ಮಪ್ಪ ದಿನಾ ಬಾರಿಸೋ ಏಳು. ಓಲಗದವರ ಮನೇಲಿ ಹುಟ್ಟಿ ಅಷ್ಟು ಗೊತ್ತಾಗ್ಲಿಲ್ವಾ?'

'ಅದು ಸ್ವಾಮಿ ಮುಂದೆ ಬಾರಿಸೋದು ಸಾರ್. ಗಿಟಾರ್‌ಗೆ ಎಂಟೇ ಅಲ್ವಾ?'

ಕಿರುಚಿಬಿಟ್ಟೆ. ಮುದುಕ ವಾರು ಬಿಟ್ಟು, 'ಮೊದಲು ನುಡಿಸಿದ್ದು ಐತಲ್ಲ, ಅದನ್ನ ಹಾಕೋ' ಎಂದರು. ಸೆಲ್ವಂ ಹಾಕಿದ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಕಿಟ ತಕಧಿಮಿ, ಮೂರು ಮತ್ತು ನಾಲ್ಕು, ಹಾಕುತ್ತಾ ಹೋದರು. ಒಂದು ಸುತ್ತೂ ತಪ್ಪಲಿಲ್ಲ. ಆ ಒರಟು ಕೈ ನನ್ನ ಇಲ್ಲದ ನೆಲದ ಮೇಲೆ ತನ್ನ ಮನೆಯ ಅಂಗಳದಲ್ಲಿ ನಡೆದಂತೆ ನಡೆಯಿತು. ಹನ್ನೊಂದು ವರ್ಷ ಕಾದಿದ್ದು ಈ ಒಂದು ತೊಡೆಗೆ.

ಹಾಡು ಮುಗಿಯಿತು. 'ಏಳೇ ಸಾಮಿ, ಸರಿಯಾಗೈತೆ' ಎಂದರು. ನಾನು ಸೆಲ್ವಂ ಕಡೆ ತಿರುಗಿ ಬಾಯಿ ತೆರೆದೆ. ಅವರ ಮಾತು ಮುಗಿದಿರಲಿಲ್ಲ.

'ಮೂರು ಚೆನ್ನಾಗಿ ಬರ್ತೀರಿ. ನಾಲ್ಕರ ಭಾಗಕ್ಕೆ ಬಂದ್ಮೇಲೆ ಓಡ್ತೀರಿ. ಪ್ರತಿ ಸಲ. ಯಾರು ಅಟ್ಟಿಸ್ಕೊಂಡ್ ಬರ್ತಾವ್ರೆ? ಅದಕ್ಕೇ ನನ್ ಮಗನಿಗೆ ಏನೋ ಕಮ್ಮಿ ಅನ್ಸೈತೆ.'

ನನ್ನನ್ನು ಅರ್ಥ ಮಾಡಿಕೊಳ್ಳುವವರು ಈ ಊರಲ್ಲಿ ಒಬ್ಬರೂ ಇಲ್ಲ ಎಂದು ಕುದಿಯುತ್ತಿದ್ದ ಕಾಲ ಎಷ್ಟು ಸುಖದ್ದಾಗಿತ್ತು ಎಂದು ತಿಳಿದದ್ದು ಆಗಲೇ. ಸೆಲ್ವಂ ಮೇಲಿನ ಸಿಟ್ಟು ಇಳಿದಿಲ್ಲ, ಅದು ಅವನಿಗೆ ಸಲ್ಲಬೇಕಾದದ್ದೇ. ಅದರ ಮೇಲೆ ಈಗ ಅವರಪ್ಪನ ಮೇಲಿನದೂ ಸೇರಿದೆ. ಪ್ರತಿ ಭಾನುವಾರ ಗಿಟಾರ್ ಮನೆಯಲ್ಲಿ ಬಿಟ್ಟು ಆ ಜಗಲಿಗೆ ಹೋಗಿ ಕೂರುತ್ತೇನೆ. ಅವರು ತೊಡೆಯ ಮೇಲೆ ತಾಳ ಹಾಕುತ್ತಾರೆ, ನಾನೂ ಹಾಕುತ್ತೇನೆ. ಇನ್ನೂ ಓಡುತ್ತಲೇ ಇದ್ದೇನೆ.